ಕೌಶಲ ಮತ್ತು ಅರಿವು: ಸಿದ್ಧರಾಮ–ಅಲ್ಲಮ ಪ್ರಸಂಗದ ಮರುಪರಿಶೀಲನೆ

1

ಕನ್ನಡ ಭಕ್ತಿಸಾಹಿತ್ಯದ ಅಧ್ಯಯನದಲ್ಲಿ ಕರ್ಮ ಮತ್ತು ಜ್ಞಾನಗಳ ತಾರತಮ್ಯವನ್ನು ಕುರಿತ ಚರ್ಚೆ ಹೊಸದೇನಲ್ಲ. ಸೊನ್ನಲಿಗೆಯಲ್ಲಿ ಅಲ್ಲಮಪ್ರಭು ಸಿದ್ಧರಾಮನನ್ನು ಎದುರುಗೊಂಡ ಪ್ರಸಂಗ ಈ ಚರ್ಚೆಗೆ ಸಿದ್ಧ ಉದಾಹರಣೆಯಾಗಿ ಒದಗುತ್ತ ಬಂದಿದೆ. ಕೆರೆಕಟ್ಟೆಗಳನ್ನೂ ದೇಗುಲಗಳನ್ನೂ ಕಟ್ಟಿಸುವುದರಲ್ಲಿ ಮುಳುಗಿದ್ದ ಕರ್ಮಯೋಗಿಯೊಬ್ಬ ಅಲ್ಲಮನ ಮಾತಿನಿಂದ ಎಚ್ಚೆತ್ತು ಶಿವಯೋಗಿಯಾದನೆಂದು ನಮ್ಮ ಸಾಹಿತ್ಯ ಚರಿತ್ರೆಗಳು ಹೇಳುತ್ತವೆ. ಹೊರಗಿನ ಕೆರೆಗಿಂತ ಒಳಗಿನ ಅರಿವು ದೊಡ್ಡದೆಂಬುದು ಇದರಿಂದ ಹೊರಡುವ ತಾತ್ಪರ್ಯ. ನಾವೂ ತರಗತಿಗಳಲ್ಲಿ ಹಲವು ವರ್ಷ ಇದನ್ನೇ ಹೇಳಿಕೊಂಡು ಬಂದಿದ್ದೇವೆ.

ಒಮ್ಮೆ ಈ ಪ್ರಸಂಗವನ್ನು ಪಾಠ ಮಾಡುತ್ತಿದ್ದಾಗ ವಿದ್ಯಾರ್ಥಿಯೊಬ್ಬ ಎದ್ದುನಿಂತು ಕೇಳಿದ ಪ್ರಶ್ನೆ ನಮ್ಮನ್ನು ತಡೆದು ನಿಲ್ಲಿಸಿತು. ಬಾವಿ ತೋಡುವ, ಕಲ್ಲು ಒಡೆಯುವ ಮನೆತನದಿಂದ ಬಂದ ಹುಡುಗ ಆತ. "ಸರ್, ಅಲ್ಲಮ ಸಿದ್ಧರಾಮನನ್ನು ಒಡ್ಡ ಎಂದು ಕರೆದದ್ದು ಬೈಗುಳವೇ? ಬೈಗುಳವಾದರೆ ಅದು ಯಾರಿಗೆ ಬೈದದ್ದು?" ಎಂದು ಆತ ಕೇಳಿದ. ಸಿದ್ಧರಾಮನಿಗೆ ಎಂದರೆ ಅರ್ಧ ಉತ್ತರ. ಒಡ್ಡರಿಗೆ ಎಂದರೆ ಕಾಯಕವನ್ನು ಕೈಲಾಸವೆಂದ ಪರಂಪರೆಯ ಮೇಲೆ ದೊಡ್ಡ ಆರೋಪ. ಅಂದು ನಾವು ಏನನ್ನೋ ಹೇಳಿ ಮುಂದೆ ಸಾಗಿದೆವು. ಪ್ರಶ್ನೆ ಮಾತ್ರ ಅಲ್ಲಿಯೇ ಉಳಿಯಿತು. ಪ್ರಸ್ತುತ ಲೇಖನ ಆ ಪ್ರಶ್ನೆಯನ್ನು ತಡವಾಗಿಯಾದರೂ ಎದುರಿಸುವ ಪ್ರಯತ್ನವಾಗಿದೆ.

2

ಕೌಶಲ ಮತ್ತು ಅರಿವುಗಳ ಸಂಬಂಧವನ್ನು ಭಾರತೀಯ ಚಿಂತನೆ ಒಂದೇ ರೀತಿಯಲ್ಲಿ ಕಂಡಿಲ್ಲ. ಮುಂಡಕೋಪನಿಷತ್ತು ವಿದ್ಯೆಯನ್ನು ಪರಾ ಮತ್ತು ಅಪರಾ ಎಂದು ಎರಡಾಗಿ ವಿಂಗಡಿಸಿ ನಾಲ್ಕು ವೇದಗಳನ್ನೂ ಶಿಕ್ಷೆ, ಕಲ್ಪ, ವ್ಯಾಕರಣ ಮೊದಲಾದ ಆರು ಅಂಗಗಳನ್ನೂ ಅಪರಾ ವಿದ್ಯೆಯ ಪಟ್ಟಿಯಲ್ಲಿಯೇ ಸೇರಿಸುತ್ತದೆ. ಛಾಂದೋಗ್ಯದ ಏಳನೆಯ ಅಧ್ಯಾಯದಲ್ಲಿ ನಾರದ ತಾನು ಕಲಿತ ವಿದ್ಯೆಗಳ ಉದ್ದನೆಯ ಪಟ್ಟಿಯನ್ನು ಸನತ್ಕುಮಾರನ ಮುಂದೆ ಒಪ್ಪಿಸುತ್ತಾನೆ. ಇಷ್ಟೆಲ್ಲ ತಿಳಿದೂ ತನಗೆ ಆತ್ಮ ತಿಳಿದಿಲ್ಲವೆಂದು ಒಪ್ಪಿಕೊಳ್ಳುತ್ತಾನೆ. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಈ ವಿಂಗಡಣೆಯಲ್ಲಿ ಗೆರೆ ಬಿದ್ದಿರುವುದು ಕೈಯ ಕೆಲಸಕ್ಕೂ ತಲೆಯ ಕೆಲಸಕ್ಕೂ ನಡುವೆ ಅಲ್ಲ. ವ್ಯಾಕರಣ ಬಲ್ಲವನೂ ಗುದ್ದಲಿ ಬಲ್ಲವನೂ ಗೆರೆಯ ಒಂದೇ ಬದಿಯಲ್ಲಿ ನಿಲ್ಲುತ್ತಾರೆ. ಹಸ್ತಪ್ರತಿಗಳನ್ನು ಪರಿಷ್ಕರಿಸಿ ಪಾಠಾಂತರ ಗುರುತಿಸುವ ನಮ್ಮಂಥ ಸಂಶೋಧಕರಿಗೂ ಇಲ್ಲಿ ವಿನಾಯಿತಿಯಿಲ್ಲ. ಆದರೆ ಕಾಲಾಂತರದಲ್ಲಿ ಪಂಡಿತವರ್ಗ ಗ್ರಂಥಜ್ಞಾನವನ್ನು ಸದ್ದಿಲ್ಲದೆ ಮೇಲಿನ ಬದಿಗೆ ಸಾಗಿಸಿಕೊಂಡಿತು. ಕೈಯ ಕೆಲಸ ಮಾತ್ರ ಕೆಳಗೆ ಉಳಿಯಿತು.

ಇಂಥದೇ ಪಲ್ಲಟವನ್ನು 'ಕೌಶಲ' ಎಂಬ ಶಬ್ದದಲ್ಲಿಯೂ ಕಾಣಬಹುದು. ಭಗವದ್ಗೀತೆಯ ಎರಡನೆಯ ಅಧ್ಯಾಯ ಯೋಗವನ್ನು ಕರ್ಮದಲ್ಲಿನ ಕೌಶಲವೆಂದು ನಿರ್ವಚಿಸುತ್ತದೆ. ಶಂಕರರ ಭಾಷ್ಯದಲ್ಲಿ ಈ ಕೌಶಲ ಕಸುಬುದಾರನ ನೈಪುಣ್ಯವಲ್ಲ. ಸ್ವಭಾವತಃ ಬಂಧಿಸುವ ಕರ್ಮಗಳನ್ನು ಸಮತ್ವಬುದ್ಧಿಯಿಂದ ಬಂಧಿಸದಂತೆ ಮಾಡುವ ಮನಸ್ಸಿನ ಸ್ಥಿತಿ. ಹೀಗೆ ಕೈಯಲ್ಲಿದ್ದ ಕೌಶಲ ಬುದ್ಧಿಗೆ ವರ್ಗವಾಯಿತು. ಇದಕ್ಕೆ ಎದುರಾದ ದನಿಯೂ ಇತ್ತು. ಮಹಾಭಾರತದ ವನಪರ್ವದಲ್ಲಿ ಮಿಥಿಲೆಯ ಮಾಂಸದಂಗಡಿಯಲ್ಲಿ ಕುಳಿತ ವ್ಯಾಧ ಕೌಶಿಕನೆಂಬ ಬ್ರಾಹ್ಮಣನಿಗೆ ಧರ್ಮವನ್ನು ಬೋಧಿಸುತ್ತಾನೆ. ಬೋಧಿಸಲು ಅಂಗಡಿಯನ್ನು ಬಿಟ್ಟುಬಿಡುವುದಿಲ್ಲ. 12ನೆಯ ಶತಮಾನದ ಶರಣರು ಹಿಡಿದದ್ದು ಈ ಎರಡನೆಯ ದಾರಿ. ಬುದ್ಧಿಗೆ ವರ್ಗವಾಗಿದ್ದ ಕೌಶಲವನ್ನು ಅವರು ಮತ್ತೆ ಕೈಗೆ ತಂದರು. ಕಾಯಕವೆಂಬ ಹೆಸರನ್ನು ಕೊಟ್ಟರು. ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಬಾಚಿಕಾಯಕದ ಬಸವಯ್ಯ, ತುರುಗಾಹಿ ರಾಮಣ್ಣ ಮೊದಲಾದವರಲ್ಲಿ ವೃತ್ತಿ ಹೆಸರಿನ ಭಾಗವೇ ಆಗಿ ನಿಂತಿತು. ಇಂಥ ಪರಂಪರೆಯಲ್ಲಿ ಕೆರೆ ಅಗೆಯುವವನ ಹೆಸರು ಮೂದಲಿಕೆಯಾಗಿ ಕೇಳಿಬಂದದ್ದು ಹೇಗೆ?

3

ಹೈದರಾಬಾದಿನಲ್ಲಿ ಕುಳಿತು ಸಿದ್ಧರಾಮನನ್ನು ಓದುವವರಿಗೆ ಒಂದು ಅನುಕೂಲವಿದೆ. ಇಲ್ಲಿಂದ ಪಶ್ಚಿಮಕ್ಕೆ ಸುಮಾರು 300 ಕಿಲೋಮೀಟರು ಹೋದರೆ ಆತ ಹುಟ್ಟಿದ ಸೊನ್ನಲಿಗೆ, ಎಂದರೆ ಇಂದು ಮಹಾರಾಷ್ಟ್ರದಲ್ಲಿರುವ ಸೊಲ್ಲಾಪುರ. ದಕ್ಷಿಣಕ್ಕೆ ಸುಮಾರು 200 ಕಿಲೋಮೀಟರು ಹೋದರೆ ಆತ ತನ್ನ ಮಲ್ಲಯ್ಯನನ್ನು ಹುಡುಕಿಕೊಂಡು ಹೋದ ಶ್ರೀಶೈಲ. ಸೊಲ್ಲಾಪುರದ ದಾರಿಯಲ್ಲಿ, ಹೆದ್ದಾರಿಗೆ ಅನತಿ ದೂರದಲ್ಲಿ, ಬಸವಕಲ್ಯಾಣ. ಸಿದ್ಧರಾಮನ ಬದುಕಿನ ಮೂರು ನೆಲೆಗಳೂ ಇಲ್ಲಿಂದ ಒಂದೊಂದು ದಿನದ ಪಯಣ. ಆತನ ವಚನಗಳ ಅಂಕಿತವಾದ 'ಕಪಿಲಸಿದ್ಧಮಲ್ಲಿಕಾರ್ಜುನ' ಸೊನ್ನಲಿಗೆಯನ್ನೂ ಶ್ರೀಶೈಲವನ್ನೂ ಕೂಡಿಸುತ್ತದೆ.

ಸಿದ್ಧರಾಮನ ಕಥೆ ನಮಗೆ ಮುಖ್ಯವಾಗಿ ಎರಡು ಬಗೆಯ ಆಕರಗಳಿಂದ ದೊರೆಯುತ್ತದೆ. ಮೊದಲನೆಯದು ಹಂಪೆಯ ರಾಘವಾಂಕನ 'ಸಿದ್ಧರಾಮ ಚಾರಿತ್ರ'. 13ನೆಯ ಶತಮಾನದ ಆರಂಭದ ಈ ಷಟ್ಪದಿ ಕಾವ್ಯ ಸಿದ್ಧರಾಮನ ಕಾಲಕ್ಕೆ ಹತ್ತಿರದ್ದು. ಮುದ್ದುಗೌಡ ಸುಗ್ಗಲೆಯರ ಮಗನಾದ ಮಂಕುಬಾಲಕ ದನ ಕಾಯುತ್ತಿರುವಾಗ ಮಲ್ಲಯ್ಯ ಜಂಗಮನಾಗಿ ಬರುತ್ತಾನೆ. ಹುಡುಗ ಮನೆಗೆ ಓಡಿ ಉಣಿಸು ತರುವಷ್ಟರಲ್ಲಿ ಕಾಣೆಯಾಗುತ್ತಾನೆ. ಅವನನ್ನು ಅರಸುತ್ತ ಹುಡುಗ ಶ್ರೀಶೈಲ ಸೇರಿ, ಕಾಣದೆ ಕಂಗೆಟ್ಟು ಕಮರಿಗೆ ಬೀಳಹೋದಾಗ ಶಿವನೇ ಅವನನ್ನು ಹಿಡಿದು ನಿಲ್ಲಿಸುತ್ತಾನೆ. ನಮ್ಮ ವಿವೇಚನೆಗೆ ಮುಖ್ಯವಾದದ್ದು ಇದರ ಮುಂದಿನ ನಡೆ. ದರ್ಶನವಾದ ಮೇಲೆ ಸಿದ್ಧರಾಮ ಶ್ರೀಶೈಲದಲ್ಲಿ ಉಳಿಯುವುದಿಲ್ಲ. ಊರಿಗೆ ಮರಳಿ ಸೊನ್ನಲಿಗೆಯನ್ನು ಪುಣ್ಯಕ್ಷೇತ್ರವಾಗಿ ಕಟ್ಟುತ್ತಾನೆ, ಕೆರೆ ತೋಡಿಸುತ್ತಾನೆ. ಎಂದರೆ ರಾಘವಾಂಕನಲ್ಲಿ ಅರಿವು ಮೊದಲು, ಕೆರೆ ಆಮೇಲೆ. ಕೆರೆ ಅರಿವಿನ ಮೆಟ್ಟಿಲಲ್ಲ, ಅದರ ಫಲ. ಅಲ್ಲಮ ಸೊನ್ನಲಿಗೆಗೆ ಬಂದು ಸಿದ್ಧರಾಮನನ್ನು ತಿದ್ದುವ ಪ್ರಸಂಗ ಈ ಕಾವ್ಯದ ಭಾಗವಲ್ಲ.

ಆ ಪ್ರಸಂಗ ಕಾಣಿಸಿಕೊಳ್ಳುವುದು 15ನೆಯ ಶತಮಾನದ ಕೃತಿಗಳಲ್ಲಿ: ಶಿವಗಣಪ್ರಸಾದಿ ಮಹಾದೇವಯ್ಯನಿಂದ ಮೊದಲಾದ ಶೂನ್ಯಸಂಪಾದನೆಗಳಲ್ಲಿ ಮತ್ತು ಚಾಮರಸನ 'ಪ್ರಭುಲಿಂಗಲೀಲೆ'ಯಲ್ಲಿ. ಅಲ್ಲಿಯ ಕಥೆ ಸ್ಥೂಲವಾಗಿ ಹೀಗಿದೆ. ಅಲ್ಲಮ ಸೊನ್ನಲಿಗೆಗೆ ಬಂದು, ಕೆರೆಯ ಕೆಲಸದಲ್ಲಿ ತೊಡಗಿದ್ದವರನ್ನು ಕಂಡು, ನಿಮ್ಮ ಒಡ್ಡರಾಮ ಎಲ್ಲಿ ಎಂದು ವಿಚಾರಿಸುತ್ತಾನೆ. ತಮ್ಮ ಗುರುವನ್ನು ಹೀಗೆ ಕರೆದದ್ದಕ್ಕೆ ಕೆಲಸದವರು ಸಿಟ್ಟಾಗಿ ಅವನ ಮೇಲೆ ಕಲ್ಲು ಬೀರುತ್ತಾರೆ. ಕಲ್ಲುಗಳು ಅವನಿಗೆ ತಾಗದೆ ರಾಶಿಯಾಗಿ ಬೀಳುತ್ತವೆ. ಸುದ್ದಿ ತಿಳಿದ ಸಿದ್ಧರಾಮ ಕೋಪದಿಂದ ಬಂದು ಹಣೆಗಣ್ಣನ್ನು ತೆರೆಯುತ್ತಾನೆ. ಆ ಉರಿ ಅಲ್ಲಮನನ್ನು ಸುಡಲಾರದೆ ಅಡಗುತ್ತದೆ. ಬಳಿಕ ಇಬ್ಬರಿಗೂ ದೀರ್ಘವಾದ ಸಂವಾದ ನಡೆದು, ಸಿದ್ಧರಾಮ ಅಲ್ಲಮನೊಡನೆ ಕಲ್ಯಾಣಕ್ಕೆ ಹೋಗುತ್ತಾನೆ. ಅಲ್ಲಿ ಚೆನ್ನಬಸವಣ್ಣನಿಂದ ಅವನಿಗೆ ಇಷ್ಟಲಿಂಗ ದೀಕ್ಷೆಯಾಗುತ್ತದೆ.

ಎರಡು ಶತಮಾನಗಳ ಅಂತರದಲ್ಲಿ ಕೆರೆಯ ಸ್ಥಾನ ಬದಲಾಗಿರುವುದು ಸ್ಪಷ್ಟ. ಹಿಂದಿನ ಕವಿಗೆ ಅರಿವಿನ ಫಲವಾಗಿದ್ದದ್ದು ಮುಂದಿನ ಸಂಕಲನಕಾರರಿಗೆ ಅರಿವಿನ ಅಡ್ಡಿಯಾಗಿದೆ. ವಿಜಯನಗರದ ಕಾಲದ ವಿರಕ್ತರ ಆಸಕ್ತಿ ತತ್ತ್ವವನ್ನು ಷಟ್‍ಸ್ಥಲದ ಕ್ರಮಕ್ಕೆ ತರುವುದರಲ್ಲಿತ್ತು. ಆ ಕ್ರಮದಲ್ಲಿ ಇಷ್ಟಲಿಂಗವಿಲ್ಲದ ಯೋಗಿ ಎಷ್ಟು ದೊಡ್ಡವನಾದರೂ ಕಲ್ಯಾಣದ ಹೊರಗೇ ನಿಲ್ಲಬೇಕಾಗುತ್ತಿತ್ತು. ಅವನನ್ನು ಒಳಗೆ ತರಬೇಕಾದರೆ ಅವನಲ್ಲಿ ಒಂದು ಕೊರತೆಯನ್ನು ಕಾಣಿಸಬೇಕು. ಆ ಕೊರತೆಯ ಗುರುತಾಗಿ ಒದಗಿದ್ದು ಅವನ ಕೆರೆ.

4

ಇಷ್ಟಕ್ಕೇ ನಿಂತರೆ ಶೂನ್ಯಸಂಪಾದನೆಗೆ ಅನ್ಯಾಯ ಮಾಡಿದಂತಾಗುತ್ತದೆ. ಅದೇ ಗ್ರಂಥಪರಂಪರೆಯಲ್ಲಿ ಬರುವ ಬೇರೆ ಸಂಪಾದನೆಗಳನ್ನು ಇದರೊಡನೆ ಇಟ್ಟು ನೋಡುವುದು ಅಗತ್ಯ. ನುಲಿಯ ಚಂದಯ್ಯ ಹಗ್ಗಕ್ಕೆ ಹುಲ್ಲು ಕೊಯ್ಯುವಾಗ ಅವನ ಇಷ್ಟಲಿಂಗ ನೀರಿಗೆ ಬೀಳುತ್ತದೆ. ಆತ ಅದನ್ನು ಎತ್ತಿಕೊಳ್ಳದೆ ತನ್ನ ಕೆಲಸಕ್ಕೆ ನಡೆಯುತ್ತಾನೆ. ಲಿಂಗವೇ ಅವನ ಬೆನ್ನು ಹತ್ತಿ ಬರುತ್ತದೆ. ಕೊನೆಗೆ ಲಿಂಗವೂ ಹಗ್ಗ ಮಾರುವ ಕಾಯಕಕ್ಕೆ ಹೊರಡಬೇಕಾಗುತ್ತದೆ. ಹಗ್ಗದ ಬೆಲೆಗಿಂತ ಹೆಚ್ಚಾಗಿ ಬಸವಣ್ಣನಿಂದ ತಂದ ಹೊನ್ನನ್ನು ಚಂದಯ್ಯ ಒಪ್ಪುವುದಿಲ್ಲ. ಆಯ್ದಕ್ಕಿ ಮಾರಯ್ಯ ಅನುಭಾವದ ಮಾತಿನಲ್ಲಿ ಮೈಮರೆತಾಗ ಹೆಂಡತಿ ಲಕ್ಕಮ್ಮ ಕಾಯಕದ ಹೊತ್ತು ಮೀರಿತೆಂದು ಎಚ್ಚರಿಸುತ್ತಾಳೆ. ಅವನು ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳುತ್ತಾಳೆ. ಇಲ್ಲಿ ಅರಿವಿನ ಮಾತು ಕೆಲಸ ಬಿಡುವುದಕ್ಕೆ ನೆಪವಾಗಬಾರದೆಂದು ಹೇಳುತ್ತಿರುವವಳು ಅಕ್ಕಿ ಆಯುವ ಕಸುಬಿನ ಹೆಂಗಸು. ಗ್ರಂಥ ಅವಳ ಪರವಾಗಿಯೇ ನಿಲ್ಲುತ್ತದೆ.

ಒಂದೇ ಗ್ರಂಥ ಲಕ್ಕಮ್ಮನನ್ನು ಮೆಚ್ಚಿ ಸಿದ್ಧರಾಮನನ್ನು ಕೆಣಕುವುದಾದರೆ, ಅದರ ಆಕ್ಷೇಪ ಕೈಯ ಕೆಲಸದ ಮೇಲಲ್ಲ ಎಂದಾಯಿತು. ವ್ಯತ್ಯಾಸ ಇರುವುದು ಬೇರೆ ಕಡೆ. ಚಂದಯ್ಯನ ಹಗ್ಗ, ಲಕ್ಕಮ್ಮನ ಅಕ್ಕಿ ಅಂದಂದಿಗೆ ಮುಗಿಯುವಂಥವು. ಹೆಚ್ಚಾದದ್ದು ಹಿಂದಿರುಗುತ್ತದೆ, ಯಾವುದೂ ಕೂಡಿಬೀಳುವುದಿಲ್ಲ. ಕೆರೆ ಹಾಗಲ್ಲ. ಕೂಡಿಡುವುದೇ ಅದರ ಧರ್ಮ. ನೀರು ಏರಿಯ ಹಿಂದೆ ಕೂಡುವಂತೆ ಪುಣ್ಯ ಕಟ್ಟಿಸಿದವನ ಹೆಸರಿನಲ್ಲಿ ಕೂಡುತ್ತ ಹೋಗುತ್ತದೆ. ನಾನು ಕಟ್ಟಿಸಿದೆ ಎಂಬ ಭಾವ ಅದರ ಜೊತೆಗೇ ತುಂಬುತ್ತದೆ. ಅಲ್ಲಮ ಕುಟ್ಟಿ ನೋಡುತ್ತಿರುವುದು ಈ ಸಂಗ್ರಹವನ್ನು. ಕೆಲಸದ ಪರಿಭಾಷೆಯಲ್ಲಿಯೇ ಹೇಳುವುದಾದರೆ, ಏರಿ ಎಷ್ಟು ಭದ್ರವಾಗಿದ್ದರೂ ಹೆಚ್ಚಾದ ನೀರು ಹೊರಹೋಗಲು ಕೋಡಿಯಿಲ್ಲದ ಕೆರೆ ಒಂದು ದೊಡ್ಡ ಮಳೆಗೆ ಒಡೆಯುತ್ತದೆ. ಸಿದ್ಧರಾಮ ತನ್ನ ಕೆರೆಗೆ ಕೋಡಿ ಇಟ್ಟಿದ್ದ, ಮನಸ್ಸಿಗೆ ಇಟ್ಟಿರಲಿಲ್ಲ ಎಂಬುದು ಅಲ್ಲಮನ ಟೀಕೆಯ ಸಾರ. ಒಂದು ಮಾತಿಗೆ ಹಣೆಗಣ್ಣು ತೆರೆದುದೇ ಅದಕ್ಕೆ ಸಾಕ್ಷಿ.

ಹೀಗೆ ಓದಿದಾಗ 'ಒಡ್ಡ' ಎಂಬ ಮಾತೂ ಬೇರೆ ಅರ್ಥ ಪಡೆಯುತ್ತದೆ. ಕನ್ನಡದಲ್ಲಿ ಒಡ್ಡು ಎಂದರೆ ಕಟ್ಟೆ, ನೀರಿಗೆ ಅಡ್ಡವಾಗಿ ಹಾಕಿದ ತಡೆ. ಜಾತಿಯ ಹೆಸರಿನ ವ್ಯುತ್ಪತ್ತಿ ಏನೇ ಇರಲಿ, ಕನ್ನಡದ ಕಿವಿಗೆ ಈ ಎರಡು ಮಾತುಗಳೂ ಒಟ್ಟಿಗೇ ಕೇಳಿಸುತ್ತವೆ. ನೀನು ಅಗೆಯುವವನಲ್ಲ, ಅಗೆಸುವವನು. ಅಗೆಯುವವನ ಹೆಸರು ಹಿಡಿದು ಕರೆದರೆ ನಿನಗೇಕೆ ನೋಯಬೇಕು ಎಂಬ ಪ್ರಶ್ನೆಯನ್ನು ಅಲ್ಲಮ ಆ ಒಂದು ಮಾತಿನಲ್ಲಿ ಹುದುಗಿಸಿದ್ದಾನೆಂದು ನಾವು ತಿಳಿಯುತ್ತೇವೆ. ಹಾಗಾದರೆ ಅದು ಒಡ್ಡರಿಗೆ ಬೈದದ್ದಲ್ಲ. ಒಡ್ಡರ ಹೆಸರು ತನಗೆ ತಕ್ಕುದಲ್ಲವೆಂದು ಭಾವಿಸಿದ ಗುರುವನ್ನು ಪರೀಕ್ಷಿಸಿದ್ದು.

5

ಆದರೂ ಪ್ರಶ್ನೆ ಇಲ್ಲಿಗೆ ಮುಗಿಯುವುದಿಲ್ಲ. ಕಲ್ಲು ಬೀರಿದವರು ಕೆಲಸದವರು ಎಂಬುದನ್ನು ಮರೆಯುವಂತಿಲ್ಲ. ಸಿದ್ಧರಾಮನ ಕೋಪಕ್ಕೆ ಅಹಂಕಾರ ಕಾರಣವೆನ್ನಬಹುದು. ಅವರ ಕೋಪಕ್ಕೆ ಏನು ಕಾರಣ? ತಮ್ಮ ಹೆಸರು ಇನ್ನೊಬ್ಬನಿಗೆ ಅವಮಾನವಾಗಬಲ್ಲದು ಎಂದು ಅವರೇ ನಂಬಿದ್ದರು. ಅಷ್ಟರ ಮಟ್ಟಿಗೆ ಲೋಕ ಅವರನ್ನು ಒಪ್ಪಿಸಿತ್ತು. ಈ ನೋವನ್ನು ಗ್ರಂಥ ಗಮನಿಸದೆ ದಾಟುತ್ತದೆ. ಸಿದ್ಧರಾಮನ ಕೋಪಕ್ಕೆ ಅಲ್ಲಮ ಕೊನೆಗೆ ಮಾತಿನಿಂದ ಉತ್ತರ ಕೊಡುತ್ತಾನೆ. ವಾದ, ಪ್ರತಿವಾದ, ಒಪ್ಪಿಗೆ ಎಲ್ಲವೂ ನಡೆಯುತ್ತವೆ. ಕೆಲಸದವರ ಕೋಪಕ್ಕೆ ಸಿಗುವುದು ಪವಾಡ ಮಾತ್ರ: ಕಲ್ಲುಗಳು ತಾಗುವುದಿಲ್ಲ. ಅವರಲ್ಲಿ ಒಬ್ಬನಿಗೂ ಹೆಸರಿಲ್ಲ, ಸಂವಾದದಲ್ಲಿ ಪಾಲಿಲ್ಲ. ಅವರು ಕೆರೆಯ ಬಳಿ ಉಳಿಯುತ್ತಾರೆ. ಕಥೆ ಕಲ್ಯಾಣಕ್ಕೆ ಹೋಗುತ್ತದೆ.

ಅವರಿಗೆ ಹೇಳಲು ಏನೂ ಇರಲಿಲ್ಲವೇ? ನಮ್ಮ ಊಹೆಯಲ್ಲಿ ಅವರ ಬಳಿ ಅಲ್ಲಮನಿಗೂ ಸುಲಭವಾಗಿ ಉತ್ತರಿಸಲಾಗದ ಮಾತೊಂದಿತ್ತು. ಲಕ್ಕಮ್ಮ ಹೆಚ್ಚಾದ ಅಕ್ಕಿಯನ್ನು ಹಿಂದಿರುಗಿಸಬಲ್ಲಳು, ಏಕೆಂದರೆ ಎಲ್ಲಿಯೋ ಯಾರೋ ನೀರು ನಿಲ್ಲಿಸಿ ಭತ್ತ ಬೆಳೆದಿದ್ದಾರೆ. ಅಂದಂದಿನ ಕಾಯಕದ ನಿರ್ಲಿಪ್ತತೆ ಸಂಗ್ರಹಿಸುವ ಕೆರೆಯ ಮೇಲೆ ನಿಂತಿದೆ. ಮಳೆಗಾಲದ ಕೆಲವು ತಿಂಗಳು ಬೀಳುವ ನೀರನ್ನು ವರ್ಷವಿಡೀ ಉಳಿಸಿಕೊಳ್ಳಬೇಕಾದ ದಖನ್ನಿನ ನೆಲದಲ್ಲಿ ಕೂಡಿಡುವುದು ಲೋಭವಲ್ಲ, ಬದುಕಿನ ಷರತ್ತು. ಈ ಪ್ರದೇಶದ ಸಂತರು ಅದನ್ನು ಅರಿತಿದ್ದರು. ಹೈದರಾಬಾದಿನ ಹುಸೇನ್ ಸಾಗರವನ್ನು 16ನೆಯ ಶತಮಾನದಲ್ಲಿ, ಇಬ್ರಾಹೀಂ ಕುತುಬ್ ಷಾಹನ ಕಾಲದಲ್ಲಿ, ಕಟ್ಟಿಸುವ ಹೊಣೆ ಹೊತ್ತವರು ಹುಸೇನ್ ಷಾ ವಲಿ ಎಂಬ ಸೂಫಿ. ಅವರು ಕಲಬುರಗಿಯ ಬಂದೇನವಾಜರ ವಂಶದವರೆಂದು ಹೇಳಲಾಗುತ್ತದೆ. ಕೆರೆ ಅರಸನ ಹೆಸರಿನಲ್ಲಿ ಉಳಿಯದೆ ಆ ಸಂತರ ಹೆಸರಿನಲ್ಲಿ ಉಳಿಯಿತು. ಪಂಥ ಬೇರೆಯಾದರೂ ಸೊನ್ನಲಿಗೆಯ ಸಿದ್ಧರಾಮನಿಗೆ ಇಲ್ಲಿ ಒಬ್ಬ ನೆರೆಯವನಿದ್ದಾನೆ.

ಸಾಹಿತ್ಯ ಕೈಬಿಟ್ಟ ಕೌಶಲವನ್ನು ಶಾಸನವೊಂದು ಹಿಡಿದಿಟ್ಟಿದೆ ಎಂಬುದನ್ನು ಇಲ್ಲಿ ನೆನೆಯಬೇಕು. ಕಡಪ ಜಿಲ್ಲೆಯ ಪೊರುಮಾಮಿಳ್ಳ ಕೆರೆಯ ಶಾಸನ 1369ರದು. ಕೆರೆಯನ್ನು ಕಟ್ಟಿಸಿದವನು ವಿಜಯನಗರದ ಬುಕ್ಕನ ಮಗ ಭಾಸ್ಕರ. ಎಂದರೆ ಇದು ಶೂನ್ಯಸಂಪಾದನೆಗಿಂತ ಕೆಲವೇ ದಶಕ ಹಿಂದಿನ, ಅದೇ ಸಾಮ್ರಾಜ್ಯದ ದಾಖಲೆ. ಸಂಸ್ಕೃತದ ಈ ಶಾಸನ ಒಳ್ಳೆಯ ಕೆರೆಗೆ 12 ಸಾಧನಗಳನ್ನೂ ತಪ್ಪಿಸಬೇಕಾದ 6 ದೋಷಗಳನ್ನೂ ಎಣಿಸುತ್ತದೆ. ಧರ್ಮಿಷ್ಠನೂ ಧನಿಕನೂ ಆದ ಅರಸ, ಪಾಥಶ್ಶಾಸ್ತ್ರ ಎಂದರೆ ಜಲವಿದ್ಯೆಯನ್ನು ಬಲ್ಲ ಬ್ರಾಹ್ಮಣ, ಗಟ್ಟಿ ಜೇಡಿಯ ನೆಲ, ಸಿಹಿನೀರಿನ ನದಿ, ಬೆಟ್ಟಗಳ ನಡುವಿನ ಭದ್ರವಾದ ಕಲ್ಲಿನ ಕಟ್ಟೆ, ಹತ್ತಿರದಲ್ಲಿ ಕಲ್ಲಿನ ಗಣಿ ಇವೇ ಮೊದಲಾದವು ಸಾಧನಗಳು. ಕಟ್ಟೆಯಲ್ಲಿ ನೀರು ಜಿನುಗುವುದು, ಸವುಳು ಮಣ್ಣು, ಎರಡು ರಾಜ್ಯಗಳ ಗಡಿಯಲ್ಲಿರುವುದು, ಕೆರೆಯ ನಡುವೆ ದಿಬ್ಬವಿರುವುದು, ನೀರು ಕಡಮೆಯಾಗಿ ನೆಲ ಹೆಚ್ಚಾಗುವುದು, ನೆಲ ಕಡಮೆಯಾಗಿ ನೀರು ಹೆಚ್ಚಾಗುವುದು ದೋಷಗಳು. ಕೆಲಸಕ್ಕೆ ದಿನಕ್ಕೆ 1000 ಆಳುಗಳೂ 100 ಬಂಡಿಗಳೂ ಬೇಕಾದವು, ಮುಗಿಯಲು 2 ವರ್ಷ ಹಿಡಿಯಿತು ಎಂದೂ ಅದು ತಿಳಿಸುತ್ತದೆ.

ಹನ್ನೆರಡು ಸಾಧನಗಳ ಸಾಲಿನ ಕೊನೆಯಲ್ಲಿ ಬರುವುದು ಕಟ್ಟುವುದರಲ್ಲಿ ನುರಿತ ಜನರ ತಂಡ. ಕೊನೆಯಲ್ಲಿ ಬಂದರೂ ಅವರು ಲೆಕ್ಕಕ್ಕೆ ಸೇರಿದ್ದಾರೆ. ಅರಸನಂತೆ, ಪಂಡಿತನಂತೆ ಅವರೂ ಒಂದು ಅಂಗ. ಅನುಭಾವದ ಗ್ರಂಥದಲ್ಲಿ ಬರಿಯ ಗುಂಪಾಗಿ ಉಳಿದವರಿಗೆ ಅರಸುಮಗನ ಶಾಸನದಲ್ಲಿ ನೈಪುಣ್ಯವೆಂಬ ಗುಣವಾಚಕವಾದರೂ ದೊರೆಯಿತು. ಸಮಾನತೆಯನ್ನು ಸಾರಿದ ಪರಂಪರೆಯ ಗ್ರಂಥಕ್ಕೆ ಇದು ನಾಚಿಕೆಯ ಸಂಗತಿಯೆಂದು ಹೇಳಲು ನಾವು ಹಿಂಜರಿಯಬೇಕಾಗಿಲ್ಲ. ಶರಣರನ್ನು ಗೌರವಿಸುವುದೆಂದರೆ ಅವರ ಹೆಸರಿನಲ್ಲಿ ಕೂಡಿಸಿದ ಗ್ರಂಥಗಳ ಮೌನಗಳನ್ನು ಮುಚ್ಚಿಡುವುದಲ್ಲ.

6

ಈವರೆಗಿನ ವಿವೇಚನೆಯಿಂದ ಕೆಲವು ಮಾತುಗಳನ್ನು ನಿರ್ಧಾರವಾಗಿ ಹೇಳಬಹುದು. ಸಿದ್ಧರಾಮ–ಅಲ್ಲಮ ಪ್ರಸಂಗ ಕೌಶಲವನ್ನು ಅರಿವಿನ ಎದುರಾಳಿಯಾಗಿ ನಿಲ್ಲಿಸುತ್ತದೆಂಬ ರೂಢಿಯ ಓದು ಶೂನ್ಯಸಂಪಾದನೆಯ ಬೇರೆ ಅಧ್ಯಾಯಗಳ ಮುಂದೆ ನಿಲ್ಲುವುದಿಲ್ಲ. ಅಲ್ಲಮನ ಆಕ್ಷೇಪ ಕೆಲಸದಿಂದ ಕೂಡಿಬೀಳುವ ಹೆಸರಿನ ಮೇಲೆ, ಕೆಲಸದ ಮೇಲಲ್ಲ. ಆದರೆ ಆ ಆಕ್ಷೇಪ ಕಟ್ಟಿಸಿದವನಿಗೆ ಸಲ್ಲುವಂತೆ ಕಟ್ಟಿದವರಿಗೆ ಸಲ್ಲುವುದಿಲ್ಲ; ಅವರ ಹೆಸರಿನಲ್ಲಿ ಏನೂ ಕೂಡಿರಲಿಲ್ಲ. ಫಲವನ್ನು ಬಯಸದ ಕರ್ಮವೆಂದು ಶಾಸ್ತ್ರಗಳು ವರ್ಣಿಸುವ ಸ್ಥಿತಿಗೆ ಆ ಕೆರೆಯ ದಂಡೆಯಲ್ಲಿ ಯಾರಾದರೂ ಹತ್ತಿರವಿದ್ದರೆ ಅವರು ಗುದ್ದಲಿ ಹಿಡಿದವರೇ. ಅದನ್ನು ಅವರು ಆರಿಸಿಕೊಂಡಿರಲಿಲ್ಲ ಎಂಬುದೂ ನಿಜ. ಬಡತನ ಹೇರಿದ ನಿರ್ಲಿಪ್ತತೆಯನ್ನು ಯೋಗವೆಂದು ಹೊಗಳುವುದು ಇನ್ನೊಂದು ಬಗೆಯ ಕ್ರೌರ್ಯವಾದೀತು. ಆದ್ದರಿಂದ ಅವರನ್ನು ಯೋಗಿಗಳೆಂದು ಹೊಗಳುವುದಕ್ಕಿಂತ ಅವರ ಮಾತನ್ನು ಕೇಳಿಸಿಕೊಳ್ಳುವುದು ಹೆಚ್ಚು ಅಗತ್ಯ.

ಆ ಮಾತನ್ನು ಇತಿಹಾಸವೇ ಸ್ವಲ್ಪ ಮಟ್ಟಿಗೆ ಆಡಿದೆ. ಇಂದು ಕರ್ನಾಟಕದ ಭೋವಿ ಸಮುದಾಯ ಸಿದ್ಧರಾಮನನ್ನು ತನ್ನ ಗುರುವೆಂದು ಆರಾಧಿಸುತ್ತದೆ. ಚಿತ್ರದುರ್ಗದಲ್ಲಿ ಆ ಸಮುದಾಯದ ಗುರುಪೀಠವಿದೆ. ಸೊಲ್ಲಾಪುರದ ಕೆರೆಯ ನಡುವಿನ ಸಿದ್ಧೇಶ್ವರ ದೇವಾಲಯದಲ್ಲಿ ಪ್ರತಿ ಸಂಕ್ರಾಂತಿಗೆ ಜಾತ್ರೆ ನೆರೆಯುತ್ತದೆ. ಮೂದಲಿಕೆಯಾಗಿ ಬಿದ್ದ ಹೆಸರನ್ನು ಆ ಜನ ಎತ್ತಿಕೊಂಡು ಬಿರುದಾಗಿ ಧರಿಸಿದ್ದಾರೆ: ನಮ್ಮ ಹೆಸರಿನಿಂದ ನಿನ್ನನ್ನು ಕರೆದರೆ ನೀನು ನಮ್ಮವನೇ ಎಂದು. ಪಂಡಿತರು ಕಲ್ಯಾಣದ ದೀಕ್ಷೆಯನ್ನು ನೆನಪಿಟ್ಟರು; ಜನ ಸೊನ್ನಲಿಗೆಯ ಕೆರೆಯನ್ನು ನೆನಪಿಟ್ಟರು. ರಾಘವಾಂಕನ ಓದಿಗೆ ಹತ್ತಿರವಿರುವವರು ಈ ಎರಡನೆಯವರೇ.

ಇನ್ನು ಮಾಡಬೇಕಾದ ಕೆಲಸವೊಂದಿದೆ. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದು ರಾಜ್ಯದಲ್ಲಿದ್ದವು. 2019ರಿಂದ ಕಲ್ಯಾಣ ಕರ್ನಾಟಕವೆಂಬ ಹೆಸರಿನ ವಿಭಾಗದಲ್ಲಿವೆ. ಅಲ್ಲಿಯ ವಡ್ಡರ ಮನೆಗಳಲ್ಲಿ, ಸೊಲ್ಲಾಪುರದ ಕನ್ನಡದ ಹಳ್ಳಿಗಳಲ್ಲಿ, ಇತ್ತ ತೆಲಂಗಾಣದ ವಡ್ಡೆರರಲ್ಲಿ ಏರಿ, ತೂಬು, ಕೋಡಿ, ಕಲ್ಲು, ಮಣ್ಣುಗಳನ್ನು ಕುರಿತ ಮಾತುಗಳು ಇನ್ನೂ ಹಿರಿಯರ ಬಾಯಲ್ಲಿವೆ. ಜೆಸಿಬಿ ಬಂದಮೇಲೆ ಆ ಕೆಲಸ ಕೈ ಬದಲಾಯಿಸಿದೆ. ಕೆಲಸದೊಡನೆ ಮಾತೂ ಹೋಗುತ್ತಿದೆ. ವಚನಗಳ ಪಾಠಾಂತರಗಳಿಗೆ ನಾವು ಕೊಟ್ಟ ಶ್ರಮದ ಒಂದು ಪಾಲನ್ನು ಈ ಪದಕೋಶಕ್ಕೆ ಕೊಡಬೇಕು. 1993ರಲ್ಲಿ 15 ಸಂಪುಟಗಳಲ್ಲಿ ಹೊರಬಂದ ಸಮಗ್ರ ವಚನ ಸಾಹಿತ್ಯದ ಅನೇಕ ರೂಪಕಗಳು ಹುಟ್ಟಿದ್ದು ಇಂಥ ಕಸುಬಿನ ಮಾತಿನಿಂದಲೇ. ಗಡಿಯಲ್ಲಿರುವುದು ಕೆರೆಗೆ ದೋಷವೆಂದು ಪೊರುಮಾಮಿಳ್ಳದ ಶಾಸನ ಹೇಳಿದರೂ ಇಂಥ ಕೆಲಸಕ್ಕೆ ಗಡಿಯಾಚೆಯ ಕನ್ನಡ ಪೀಠವೇ ಅನುಕೂಲವಾದ ಜಾಗ.

ಅಂದು ಪ್ರಶ್ನೆ ಕೇಳಿದ ವಿದ್ಯಾರ್ಥಿಗೆ ನಾವು ಇಂದು ಹೇಳಬಹುದಾದದ್ದು ಇಷ್ಟು. ಅಲ್ಲಮನ ಮಾತು ನಿನ್ನವರಿಗೆ ಬೈದದ್ದಲ್ಲ. ಆದರೆ ನಿನ್ನವರು ಕಲ್ಲು ಬೀರಿದ್ದರಲ್ಲಿ ತಪ್ಪಿರಲಿಲ್ಲ. ಅವರಿಗೆ ಗ್ರಂಥ ಮಾತು ಕೊಡಲಿಲ್ಲ, ಕೈಯಲ್ಲಿದ್ದದ್ದು ಕಲ್ಲು. ಈ ಉತ್ತರವನ್ನು ಅಂದೇ ಕೊಡಲಾಗದಿದ್ದುದು ನಮ್ಮ ಓದಿನ ಕೊರತೆ.